ಚೋಮನಿಗೆ ಜಾಗ ಸಿಗುತ್ತಿತ್ತೇ?

‘ಈ ಕಾದಂಬರಿಯು ಅಸ್ಪೃಶ್ಯತೆಯ ಸಮಸ್ಯೆಯನ್ನು ಮನೋಜ್ಞವಾಗಿ ಚಿತ್ರಿಸುತ್ತದೆ.’ ಶಿವರಾಮ ಕಾರಂತರ ‘ಚೋಮನ ದುಡಿ’ ಓದಿ ಬರೆಯಿರಿ ಎಂದರೆ ಮಕ್ಕಳು ಶುರುಮಾಡುವುದು ಇಂಥದೇ ವಾಕ್ಯದಿಂದ. ತಪ್ಪೇನಿಲ್ಲ. ಆದರೆ ಪುಸ್ತಕ ತೆರೆಯದೆಯೂ ಬರೆಯಬಹುದಾದ ವಾಕ್ಯ ಅದು. ಸಂದರ್ಭ, ಸ್ವಾರಸ್ಯ ಎಂದು ಗೈಡು ಹಿಡಿದು ಬಾಯಿಪಾಠ ಮಾಡಿಸಿದವರು ನಾವೇ. ಈಗ ಏಕಾಏಕಿ ‘ನಿನಗೇನನ್ನಿಸಿತು?’ ಎಂದರೆ ಮಗು ಮೇಷ್ಟ್ರ ಮುಖ ನೋಡುತ್ತದೆ. ತನಗೆ ಏನನ್ನಿಸಬೇಕು ಎಂಬುದು ಅಲ್ಲಿ ಬರೆದಿದೆಯೋ ಎಂದು ಹುಡುಕುತ್ತದೆ.

ಅನ್ನಿಸುವುದಕ್ಕೂ ಧೈರ್ಯ ಬೇಕೇ? ಬೇಕು. ಓದುವಾಗ ಎಲ್ಲೋ ಒಂದೆಡೆ ಕಾಲು ತೊಡರುತ್ತದೆ. ಉಳಲು ನೆಲವಿಲ್ಲದ ಚೋಮ ಒಂದು ಜೊತೆ ಎತ್ತು ಯಾಕೆ ಸಾಕಿಕೊಂಡಿದ್ದಾನೆ? ಚೋಮ ಭೂಮಿ ಬೇಡಿದಾಗ ಒಡೆಯ ಸಂಕಪ್ಪಯ್ಯನ ಮನಸ್ಸು ತುಸು ಕರಗಿತ್ತು, ತಾಯಿ ಬೇಡವೆಂದದ್ದಕ್ಕೆ ಸುಮ್ಮನಾದ. ಅವನನ್ನು ಕೆಟ್ಟವನೆನ್ನಬೇಕೋ ಬೇಡವೋ? ಇಂಥವನ್ನು ಮಕ್ಕಳು ಪಕ್ಕದವರ ಕಿವಿಯಲ್ಲಿ ಕೇಳುತ್ತಾರೆ, ಹಾಳೆಗೆ ಇಳಿಸುವುದಿಲ್ಲ. ಉತ್ತರ ಗೊತ್ತಿಲ್ಲದ್ದನ್ನು ಬರೆಯಬಾರದೆಂದು ಪರೀಕ್ಷೆ ಕಲಿಸಿಟ್ಟಿದೆ.

ಇನ್ನೊಂದು ತುದಿಯೂ ಇದೆ. ‘ಸ್ವಂತ ಅನುಭವ ಸೇರಿಸಿ’ ಎಂದರೆ ‘ನಮ್ಮೂರಲ್ಲೂ ಹೀಗೇ’ ಎಂದು ಹೊರಟು ನಾಲ್ಕನೇ ಸಾಲಿಗೆ ಚೋಮನೇ ನಾಪತ್ತೆ. (ಇದನ್ನು ಸೃಜನಶೀಲತೆ ಎಂದು ಹೊಗಳುವವರಿದ್ದಾರೆ, ನನಗದು ಸೋಮಾರಿತನದ ಇನ್ನೊಂದು ಬಗೆಯಾಗಿಯೇ ಕಾಣುತ್ತದೆ.)

ದಕ್ಷಿಣ ಕನ್ನಡದ ಹುಡುಗಿಯೊಬ್ಬಳು ಹೀಗೆ ಬರೆದಳೆನ್ನಿ: ‘ನಮ್ಮಜ್ಜನಿಗೆ ಡಿಕ್ಲರೇಶನ್‌ನಲ್ಲಿ ಗದ್ದೆ ಸಿಕ್ಕಿತಂತೆ. ಚೋಮನಿಗೂ ಸಿಗುತ್ತಿತ್ತೇ?’ ಕಾದಂಬರಿ ಬಂದದ್ದು 1933ರಲ್ಲಿ, ಗೇಣಿದಾರರು ಡಿಕ್ಲರೇಶನ್ ಕೊಟ್ಟು ಭೂಮಿ ಪಡೆಯಲು ದಾರಿಮಾಡಿದ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಕಾಲ ಬೇರೆಯೆಂದು ಈ ಪ್ರಶ್ನೆಯನ್ನು ಹೊಡೆದುಹಾಕುವುದು ಸುಲಭ. ಮೇಷ್ಟ್ರು ಮಾಡಬೇಕಾದ್ದು ಅವಳನ್ನು ಪುಸ್ತಕಕ್ಕೇ ವಾಪಸು ಕಳಿಸುವುದು: ಚೋಮ ಗೇಣಿದಾರನೋ, ಆಳೋ, ನೋಡಿಕೊಂಡು ಬಾ. ಅವಳು ಹೋಗಿ ನೋಡುತ್ತಾಳೆ. ಅವನು ಭೂಮಿಯನ್ನು ಬೇಡಿದವನೇ ಹೊರತು ಪಡೆದವನಲ್ಲ. ಡಿಕ್ಲರೇಶನ್ ಕೊಡಲು ಮೊದಲು ಗೇಣಿದಾರನಾಗಿರಬೇಕಿತ್ತು. ‘ಉಳುವವನೇ ಹೊಲದೊಡೆಯ’ ಎಂದರೂ, ಉಳುವುದಕ್ಕೇ ಅವಕಾಶವಿಲ್ಲದವನು ಏನೆಂದು ಅರ್ಜಿ ಹಾಕಬೇಕು? ಅಲ್ಲಿಗೆ ಅವಳಿಗೆ ಆ ಎತ್ತುಗಳು ಬೇರೆಯಾಗಿಯೇ ಕಾಣತೊಡಗುತ್ತವೆ. ಅಜ್ಜನ ಗದ್ದೆಗೆ ನೇಜಿ ನೆಡಲು ಬರುತ್ತಿದ್ದವರು ಯಾರು, ಅವರಿಗೆ ಏನು ಸಿಕ್ಕಿತು ಎಂಬುದೂ ಕಾಡುತ್ತದೆ. ಮನೆಯಲ್ಲಿ ಕೇಳಿದರೆ ಎಲ್ಲರಿಗೂ ಹಿತವಾಗಲಿಕ್ಕಿಲ್ಲ. ಪುಸ್ತಕವನ್ನು ನಾವು ಪ್ರಶ್ನಿಸುತ್ತಿದ್ದೇವೆ ಅಂದುಕೊಂಡಿದ್ದಾಗ ಅದು ನಮ್ಮನ್ನು ಕೇಳಲು ಶುರುಮಾಡಿರುತ್ತದೆ. ಬರೆಯುವುದು ಕಷ್ಟವಾಗುವುದೂ, ಬರೆದದ್ದಕ್ಕೆ ತೂಕ ಬರುವುದೂ ಅಲ್ಲಿಂದಲೇ.

ಅಂಥ ಬರಹ ಅರ್ಧಕ್ಕೇ ನಿಂತಿರಬಹುದು, ಕಾಗುಣಿತ ತಪ್ಪಿರಬಹುದು. ಮೇಷ್ಟ್ರೇ, ಅದಕ್ಕಾಗಿ ಅಂಕ ಕಡಿಯಬೇಡಿ. ಅಂಚಿನಲ್ಲಿ ‘ಉತ್ತಮ’ ಎಂದು ಗೀಚಿ ಮುಗಿಸಲೂ ಬೇಡಿ. ಇನ್ನೊಂದು ಪ್ರಶ್ನೆ ಬರೆದು ಹಾಳೆಯನ್ನು ಹಿಂದಕ್ಕೆ ಕೊಡಿ.