ಇಡುಗಂಟಿನ ಧರ್ಮ

ಒಂದು ನೌಕರಿಯಿದ್ದೂ ಅದರ ಬದಿಯಲ್ಲಿ ಇನ್ನೊಂದು ಉದ್ಯೋಗ ಹೂಡುವುದು ನಮ್ಮ ಸೀಮೆಗೆ ಹೊಸದಲ್ಲ. ಶಿಕ್ಷಕರು ಬೆಳಗಿನ ಜಾವ ಹೊಲಕ್ಕೆ ಹೋಗಿ ಬಂದು ಪಾಠ ಹೇಳುತ್ತಿದ್ದರು. ಅಂಚೆಯವನ ಮನೆಯಲ್ಲಿ ಹಿಟ್ಟಿನ ಗಿರಣಿ ಇರುತ್ತಿತ್ತು. ಇಂದು ಆ ಸ್ಥಾನಕ್ಕೆ ಬಂದಿರುವ ಕಸುಬುಗಳಲ್ಲಿ ವೆಬ್ ಹೋಸ್ಟಿಂಗ್ ಒಂದು. ಅಕ್ಕಲಕೋಟ ತಾಲ್ಲೂಕಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಹಗಲು ಸೊಲ್ಲಾಪುರದಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತ, ರಾತ್ರಿ ಇದನ್ನು ನಡೆಸುತ್ತ ಬಂದಿದ್ದಾನೆ. ದೊಡ್ಡ ಸಂಸ್ಥೆಯಿಂದ ಸರ್ವರಿನ ಜಾಗವನ್ನು ಸಗಟಾಗಿ ಬಾಡಿಗೆಗೆ ಪಡೆದು, ಚಿಲ್ಲರೆಯಾಗಿ ಹಂಚಿಕೊಡುವುದು ಇದರ ಸ್ವರೂಪ. ಕೆಲವು ಚಾದರದ ವ್ಯಾಪಾರಿಗಳು, ಒಂದು ಮಠ, ಎರಡು ಶಾಲೆಗಳು, ಒಂದು ಕನ್ನಡ ವಾಚನಾಲಯ, ಇವರ ಜಾಲತಾಣಗಳು ಅವನ ಸುಪರ್ದಿನಲ್ಲಿವೆ. ಬಂಡವಾಳ ಅಲ್ಪ, ಅಂಗಡಿ ಬೇಡ, ಆಳು ಬೇಡ. ಆದಕಾರಣ ಇದು ಸುಲಭದ ಉಪವೃತ್ತಿಯೆಂದು ಯುವಕರ ಭಾವನೆ.

ಗಿರಣಿಗೆ ಬೀಗ ಬಿದ್ದರೆ ಜನ ಇನ್ನೊಂದು ಗಿರಣಿಗೆ ಹೋಗುತ್ತಾರೆ. ಅವರ ಜೋಳ ಅವರ ಬಳಿಯೇ ಇರುತ್ತದೆ. ಇಲ್ಲಿ ಹಾಗಲ್ಲ. ಗಿರಾಕಿಯ ಜೋಳವೆಲ್ಲ ಗಿರಣಿಯವನ ಕಣಜದಲ್ಲಿದೆ. ಇದು ಕೇವಲ ವ್ಯಾಪಾರವಲ್ಲ, ಪರರ ಇಡುಗಂಟನ್ನು ಕಾಯುವ ಕೆಲಸ.

ಈ ಹೊಣೆಯನ್ನು ನಮ್ಮ ಹಿರಿಯರು ಆಳವಾಗಿ ಚಿಂತಿಸಿದ್ದಾರೆ. ನಮಗೆ ಬಹಳ ದೂರವಲ್ಲದ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ಒಳಗೇನಿದೆಯೆಂದು ತಿಳಿಸದೆ ಪೆಟ್ಟಿಗೆಯಲ್ಲಿಟ್ಟು ಒಪ್ಪಿಸಿದ ವಸ್ತುವನ್ನು ಆ ಸ್ಮೃತಿ ಉಪನಿಧಿ ಎನ್ನುತ್ತದೆ. ಅದನ್ನು ಇದ್ದಂತೆಯೇ ಮರಳಿಸಬೇಕು. ರಾಜನಿಂದ, ದೈವದಿಂದ, ಕಳ್ಳರಿಂದ ಅದು ನಷ್ಟವಾದರೆ ಕಾಯುವವನು ಹೊಣೆಯಲ್ಲ. ಆದರೆ ಕೇಳಿದಾಗ ಕೊಡದೆ, ಆಮೇಲೆ ಕಳೆದುಹೋದರೆ, ಬೆಲೆಯ ಜೊತೆಗೆ ದಂಡವನ್ನೂ ತೆರಬೇಕು. ಇಂದಿನ ಹೋಸ್ಟಿಂಗಿಗೆ ಇದಕ್ಕಿಂತ ಸಮರ್ಪಕವಾದ ಕಟ್ಟಳೆಯನ್ನು ನಾನು ಕಾಣೆ.

ಆದರೆ ದೈವವೆಂಬ ಮಾತನ್ನು ಎಚ್ಚರದಿಂದ ಆಡಬೇಕು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ಸರ್ವರುಗಳಿದ್ದ ಕಟ್ಟಡವೊಂದು ಬೆಂಕಿಗೆ ಆಹುತಿಯಾಯಿತು. ಅಸಂಖ್ಯ ಜಾಲತಾಣಗಳು ನಿಂತುಹೋದವು. ಬ್ಯಾಕಪ್ ಪ್ರತಿಯೂ ಅಲ್ಲಿಯೇ ಇದ್ದ ಕೆಲವರಿಗೆ ಏನೂ ಉಳಿಯಲಿಲ್ಲ. ಬೆಂಕಿ ದೈವಿಕವಿರಬಹುದು, ಎರಡು ಪ್ರತಿಗಳನ್ನೂ ಒಂದೇ ಸೂರಿನಡಿ ಇಟ್ಟದ್ದು ಖಂಡಿತ ದೈವಿಕವಲ್ಲ. ಡೊಮೈನ್ ಹೆಸರನ್ನು ಗಿರಾಕಿಯ ಹೆಸರಿನಲ್ಲಿ ನೋಂದಾಯಿಸದೆ ತನ್ನ ಹೆಸರಿನಲ್ಲಿಯೇ ಮಾಡಿಕೊಂಡು, ಅವನು ಬಿಟ್ಟುಹೋಗದಂತೆ ಕಟ್ಟಿಹಾಕುವವರೂ ಇದ್ದಾರೆ. ಬೇರೆಯವರ ಮನೆಯನ್ನು ಕಾಯುವ ನೆಪದಲ್ಲಿ ಹಕ್ಕುಪತ್ರವನ್ನೇ ತನ್ನದಾಗಿಸಿಕೊಳ್ಳುವುದನ್ನು ಏನೆನ್ನಬೇಕೋ ಓದುಗರೇ ಹೇಳಲಿ.

ಇನ್ನು ನೌಕರಿಯ ಮಾತು. ಸರ್ಕಾರಿ ನೌಕರನು ಪೂರ್ವಾನುಮತಿಯಿಲ್ಲದೆ ವ್ಯಾಪಾರ ಮಾಡಕೂಡದೆಂದು 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳಿವೆ. ಶಿಕ್ಷಕರು ಖಾಸಗಿ ಪಾಠ ಹೇಳುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಖಾಸಗಿ ನೌಕರನಿಗೆ ಅವನ ಕರಾರೇ ಕಾನೂನು. ಆದರೆ ಕರಾರಿನಲ್ಲಿ ನಿಷೇಧವಿಲ್ಲವೆಂದ ಮಾತ್ರಕ್ಕೆ ಪ್ರಶ್ನೆ ತೀರಲಿಲ್ಲ. ಸರ್ವರು ಕೆಡುವುದು ಹಗಲು ಹನ್ನೊಂದಕ್ಕೆ. ಆಗ ಅವನು ಯಾರ ಕುರ್ಚಿಯಲ್ಲಿ ಕುಳಿತಿದ್ದಾನೆ? ಆ ಗಳಿಗೆ ಸಂಬಳ ಕೊಡುವವನದು. ಸಂಜೆ ಏಳರವರೆಗೆ ತಾನು ಸಿಗುವುದಿಲ್ಲವೆಂದು ಗಿರಾಕಿಗಳಿಗೆ ಮೊದಲೇ ಹೇಳಿದವನು ಸತ್ಯವಂತ. ಹಗಲೂ ರಾತ್ರಿ ಸೇವೆಯೆಂದು ಜಾಹೀರಾತು ಕೊಟ್ಟು ಒಬ್ಬನೇ ದುಡಿಯುವವನು ಇಬ್ಬರಿಗೂ ವಂಚಿಸುತ್ತಾನೆ, ಮೂರನೆಯದಾಗಿ ತನ್ನ ನಿದ್ರೆಗೆ.

ನನ್ನ ವಿದ್ಯಾರ್ಥಿಗೆ ಈಗ ಪುಣೆಯಲ್ಲಿ ಹೊಸ ನೌಕರಿ ದೊರೆತಿದೆ. ಅಲ್ಲಿನ ಕರಾರಿನಂತೆ ಬೇರೆ ವ್ಯವಹಾರ ಕೂಡದು. ಗಿರಾಕಿಗಳೊಡನೆ ಅವನು ಮಾಡಿಕೊಂಡ ಷರತ್ತು, ಒಂದು ತಿಂಗಳ ಮುನ್ಸೂಚನೆ. ಅಷ್ಟು ಕೊಟ್ಟರೆ ಸಾಲದೇ, ಎಂದು ಅವನು ಕೇಳಿದನು. ವರ್ಷಕ್ಕೆ ಪಡೆಯುವ ಅಲ್ಪ ಹಣಕ್ಕೆ ಎಷ್ಟು ಋಣ ಹೊರಬೇಕು, ಸರ್? ನ್ಯಾಯವಾದ ಪ್ರಶ್ನೆ. ಚಾದರದ ವ್ಯಾಪಾರಿಗೆ ಆ ಸೂಚನೆ ಸಾಕು. ಅವನ ಮಗ ಎರಡೇ ದಿನದಲ್ಲಿ ಬೇರೆ ಕಡೆ ಸಾಗಿಸಿಯಾನು. ವಾಚನಾಲಯದ ಗತಿ ಬೇರೆ. ಅಲ್ಲಿಯ ಹಳೆಯ ಸ್ಮರಣ ಸಂಚಿಕೆಗಳ ಛಾಯಾಪ್ರತಿಗಳು ಆ ಸರ್ವರಿನಲ್ಲಿವೆ. ಮೂಲ ಪ್ರತಿಗಳಲ್ಲಿ ಹಲವನ್ನು ಗೆದ್ದಲು ತಿಂದಿದೆ. ಗಡಿಯಾಚೆಯ ಕನ್ನಡಿಗರಾದ ನಮಗೆ ಅಂಥ ಕಾಗದಗಳೇ ವಂಶಾವಳಿ. ಮುನ್ಸೂಚನೆಯ ಪತ್ರವನ್ನು ಓದಿ ಮುಂದೇನು ಮಾಡಬೇಕೆಂದು ಬಲ್ಲವರು ಅಲ್ಲಿ ಇಲ್ಲ.

ಕಸುಬನ್ನು ಮುಂದುವರಿಸಬೇಕೆಂಬ ಬಂಧನ ಅವನಿಗಿಲ್ಲವೆಂದು ನಾನು ಹೇಳಿದೆನು. ಹಣ ಕಡಿಮೆಯಾದರೆ ಸೇವೆ ಕಡಿಮೆಯಾಗಬಹುದು, ಒಪ್ಪಿಸಿಕೊಂಡದ್ದನ್ನು ಮರಳಿಸುವ ಹೊಣೆ ಮಾತ್ರ ಕಡಿಮೆಯಾಗದು. ಪತ್ರ ಕಳಿಸುವುದು ಮರಳಿಸಿದಂತಲ್ಲ. ಪಡೆದವನ ಕೈ ಮುಚ್ಚಿದ ಮೇಲೆಯೇ ಕೊಟ್ಟಂತೆ.

ಅವನೀಗ ಭಾನುವಾರಗಳಂದು ಒಬ್ಬೊಬ್ಬ ಗಿರಾಕಿಯ ಬಳಿಗೆ ತಾನೇ ಹೋಗಿ, ಪಾಸ್‌ವರ್ಡು, ಡೊಮೈನ್, ಎರಡು ಪ್ರತಿಗಳನ್ನು ಒಪ್ಪಿಸಿ ಸಹಿ ಪಡೆಯುತ್ತಿದ್ದಾನೆ. ಮಠದ್ದೂ ಶಾಲೆಗಳದ್ದೂ ಮುಗಿದಿವೆ. ವಾಚನಾಲಯದ್ದು ಉಳಿದಿದೆ. ಸಮ್ಮೇಳನಕ್ಕೆ ಬಂದ ತರುಣರಲ್ಲಿ ಯಾರಾದರೂ ಅದನ್ನು ವಹಿಸಿಕೊಳ್ಳಬಲ್ಲವರಿದ್ದರೆ, ಕಾರ್ಯದರ್ಶಿಗಳು ಪುಸ್ತಕ ಮಳಿಗೆಯ ಬಳಿಯೇ ಇರುತ್ತಾರೆ.