ಹೂವಿನ ಕ್ರಯವೂ ಮಾತಿನ ಸತ್ಯವೂ

ಮನುಸ್ಮೃತಿಯ 4ನೆಯ ಅಧ್ಯಾಯದಲ್ಲಿ ವ್ಯಾಪಾರಕ್ಕೆ ‘ಸತ್ಯಾನೃತ’ವೆಂಬ ಹೆಸರು ಬಂದಿದೆ, ನಿಜವೂ ಸುಳ್ಳೂ ಬೆರೆತ ವೃತ್ತಿಯೆಂದು ಅದರ ಭಾವ. ಆದರೆ ಅದೇ ವ್ಯಾಪಾರದಲ್ಲಿ ಮುಂಗಡವಾಗಿ ಕೊಡುವ ಹಣಕ್ಕೆ ಸಂಸ್ಕೃತದಲ್ಲಿ ‘ಸತ್ಯಂಕಾರ’ವೆಂದು ಹೆಸರು, ಕನ್ನಡದ ‘ಸಂಚಕಾರ’ವು ಇದರ ತದ್ಭವ. ಆಡಿದ ಮಾತನ್ನು ಸತ್ಯವಾಗಿಸುವುದೆಂಬುದೇ ಇದರ ಅರ್ಥ. ಈ ಎರಡು ಹೆಸರುಗಳ ನಡುವೆ ನಿಂತವನು ಹೇಗೆ ನಡೆಯತಕ್ಕದ್ದು? ಮದುವೆಯ ಮನೆಗಳಿಗೆ ಹೂವನ್ನೊದಗಿಸುವ ಸಣ್ಣ ಬೆಳೆಗಾರನಿಗೆ ಈ ಪ್ರಶ್ನೆಯು ಬಹು ತೀಕ್ಷ್ಣವಾಗಿ ಎದುರಾಗುವುದು.

ಉಡುಪಿ ಜಿಲ್ಲೆಯ ಶಂಕರಪುರದ ಮಲ್ಲಿಗೆಯ ಕೃಷಿಯನ್ನೇ ನೋಡಬಹುದು. ಅಲ್ಲಿ ಅನೇಕರಿಗೆ ಮನೆಯ ಮಗ್ಗುಲಿನ ತುಂಡು ಭೂಮಿಯೇ ತೋಟ. ಬೆಳಗಿನಲ್ಲಿ ಮೊಗ್ಗನ್ನು ಕೊಯ್ದು ಬಾಳೆಯ ನಾರಿನಲ್ಲಿ ಕಟ್ಟುತ್ತಾರೆ. 800 ಹೂಗಳಿಗೆ ಒಂದು ಚೆಂಡು. ನಾಲ್ಕು ಚೆಂಡಿಗೆ ಒಂದು ಅಟ್ಟೆ, ಎಂದರೆ 3,200 ಹೂ. ಅಟ್ಟೆಯ ಬೆಲೆ ದಿನದಿನಕ್ಕೂ ಬೇರೆ. ಮಳೆಗಾಲದಲ್ಲಿ ಹೂ ಕುಗ್ಗುವುದು. ಆಟಿ ತಿಂಗಳಲ್ಲಿ ಮದುವೆಗಳು ನಡೆಯವು. ಮುಹೂರ್ತಗಳು ಒತ್ತೊತ್ತಾಗಿ ಬಂದ ದಿನ ಬೆಲೆ ಹಲವು ಮಡಿ ಏರುವುದು. ಭತ್ತದಂತೆ ಕಣಜದಲ್ಲಿಟ್ಟು ಕಾಯುವ ಸರಕು ಇದಲ್ಲ. ಬೆಳಗಿನ ಮೊಗ್ಗು ಸಂಜೆಗೆ ಅರಳಿ ಮರುದಿನಕ್ಕೆ ಬಾಡಿರುತ್ತದೆ.

ಇಂತಹ ಬೆಳೆಗಾರನೊಬ್ಬನು ಎರಡು ತಿಂಗಳ ಮುಂಚೆ ಸಂಚಕಾರವನ್ನು ಪಡೆದು, ಧಾರೆಯ ದಿನಕ್ಕೆ ಅಟ್ಟೆಗೆ 600 ರೂಪಾಯಿಯಂತೆ ಹತ್ತು ಅಟ್ಟೆ ಹೂ ಕೊಡಲು ಒಪ್ಪಿದನೆಂದು ಭಾವಿಸೋಣ. ಆ ದಿನದ ಬೆಲೆ 1,800 ಆಯಿತು. ತೋಟದಲ್ಲಿ ದೊರೆತುದಾದರೋ ನಾಲ್ಕೇ ಅಟ್ಟೆ. ಉಳಿದ ಆರನ್ನು ನೆರೆಯವರಿಂದ ಕೊಂಡು ಕೊಟ್ಟರೆ ಕೈಯಿಂದ 7,200 ರೂಪಾಯಿ ಹೋಗುವುದು. ತನ್ನ ನಾಲ್ಕನ್ನು ಪೇಟೆಗೆ ಕಳುಹಿಸಿದರೆ 4,800 ಹೆಚ್ಚಾಗಿ ಬರುವುದು. ಅವನು ಮಾತಿಗೆ ಕಟ್ಟುಬೀಳಬೇಕೆ?

ಬೇಡವೆನ್ನುವವರ ವಾದವು ದುರ್ಬಲವಾದುದಲ್ಲ. ಬೆಲೆಯನ್ನೇರಿಸಿದವನು ಅವನಲ್ಲ. ಹೂವಿಲ್ಲದ ತಿಂಗಳುಗಳಲ್ಲಿಯೂ ಗಿಡಕ್ಕೆ ಗೊಬ್ಬರವಿಕ್ಕಿ ಸಾಕಿದವನು ಅವನು. ಆಗ ಯಾವ ಮದುವೆಯ ಮನೆಯೂ ಅವನ ಒಲೆಯನ್ನು ವಿಚಾರಿಸಲಿಲ್ಲ. ಇದಕ್ಕಿಂತಲೂ ಬಲವಾದ ಪ್ರಶ್ನೆಯೊಂದುಂಟು. ಬೆಲೆಯು 200ಕ್ಕೆ ಇಳಿದಿದ್ದರೆ ಆ ಮನೆಯವರು 600ನ್ನು ಮರುಮಾತಿಲ್ಲದೆ ಕೊಡುತ್ತಿದ್ದರೇ? ‘ಪೇಟೆಯಲ್ಲಿ ಇಷ್ಟೇ ಇದೆಯಲ್ಲ’ ಎಂದು ಚೌಕಾಸಿಗಿಳಿಯುತ್ತಿರಲಿಲ್ಲವೇ?

ಈ ಕೊನೆಯ ಮಾತು ಕೊಳ್ಳುವವರ ದೋಷವನ್ನು ತೋರಿಸುವುದೇ ಹೊರತು ಮಾರುವವನನ್ನು ಬಿಡುಗಡೆ ಮಾಡುವುದಿಲ್ಲ. ಮನುಸ್ಮೃತಿಯ 18 ವ್ಯವಹಾರಪದಗಳಲ್ಲಿ ಕ್ರಯವಿಕ್ರಯಾನುಶಯವೂ ಒಂದು. ಕೊಂಡವನಾಗಲಿ ಮಾರಿದವನಾಗಲಿ ಮನಸ್ಸು ತಿರುಗಿದರೆ 10 ದಿನಗಳೊಳಗೆ ಸರಕನ್ನು ಹಿಂದಿರುಗಿಸಲು ಅಥವಾ ಹಿಂದಕ್ಕೆ ಪಡೆಯಲು ಅಲ್ಲಿ ಅವಕಾಶವುಂಟು. ಮಲ್ಲಿಗೆಗೆ ಅಂತಹ ಹತ್ತು ದಿನಗಳೆಲ್ಲಿವೆ? ಮುಹೂರ್ತವು ಮೀರಿದ ಬಳಿಕ ಬಂದ ಹೂವಿನಿಂದಲೂ ಪ್ರಯೋಜನವಿಲ್ಲ, ಬಂದ ಪಶ್ಚಾತ್ತಾಪದಿಂದಲೂ ಪ್ರಯೋಜನವಿಲ್ಲ. ಸರಿಪಡಿಸಿಕೊಳ್ಳಲು ಎಡೆಯಿಲ್ಲದ ವ್ಯವಹಾರದಲ್ಲಿ ಮಾತಿನ ಭಾರವು ಇಮ್ಮಡಿಯಾಗುವುದು.

ಆದರೂ ಆ ಎರಡು ಮೊತ್ತಗಳನ್ನು ಬೇರೆ ಬೇರೆಯಾಗಿ ತೂಗಬೇಕು. 4,800 ಬಾರದೆ ಹೋದ ಲಾಭ. ಅದನ್ನು ನಷ್ಟವೆಂದು ಕರೆದು ಮಾತನ್ನು ಮುರಿಯುವುದು ಲೋಭಕ್ಕೆ ಹೊದಿಸಿದ ಹೊದಿಕೆ. 7,200 ಆದರೋ ನಿಜವಾದ ನಷ್ಟ. ಅದನ್ನು ತಿಳಿಸಿ ಸಹಾಯವನ್ನು ಕೇಳುವುದರಲ್ಲಿ ಅಧರ್ಮವಿಲ್ಲ; ಕೇಳುವ ಹೊತ್ತು ಮಾತ್ರ ಮುಖ್ಯ. ತೋಟದಲ್ಲಿ ಮೊಗ್ಗು ಕಡಿಮೆಯೆಂದು ಕಂಡೊಡನೆ ಹೇಳಿದರೆ ಅದು ಬಿನ್ನಹ. ಆ ಮನೆಯವರಿಗೆ ಬೇರೊಂದು ದಾರಿ ಹುಡುಕಲು ಅವಕಾಶವಿರುವುದು. ವಧುವು ಹಸೆಗೇರುವ ಹೊತ್ತಿನಲ್ಲಿ ಬಾಗಿಲಲ್ಲಿ ನಿಂತು ಕೇಳಿದರೆ ಅದೇ ಮಾತು ಬಲಾತ್ಕಾರವಾಗುವುದು. ಮುಂಚಿತವಾಗಿ ಹೇಳಿದವನ ನಷ್ಟದಲ್ಲಿ ಪಾಲುಗೊಳ್ಳುವುದು, ಬೆಲೆಯಿಳಿದ ದಿನ ಒಪ್ಪಿದಷ್ಟನ್ನೇ ಎಣಿಸಿಕೊಡುವುದು, ಇವೆರಡೂ ಮದುವೆಯ ಮನೆಯವರ ಧರ್ಮ. ಸಂಚಕಾರವು ಕೊಟ್ಟ ಕೈಯನ್ನೂ ಕಟ್ಟುವುದು, ಪಡೆದ ಕೈಯನ್ನೂ ಕಟ್ಟುವುದು.

ಇನ್ನೊಂದು ಸೂಕ್ಷ್ಮವುಂಟು. ಮಾತು ಮುರಿದನೆಂಬ ಅಪವಾದಕ್ಕೆ ಅಂಜಿದವನು ಒಪ್ಪಿದ ಬೆಲೆಗೇ ಹತ್ತು ಅಟ್ಟೆಯನ್ನು ಒಪ್ಪಿಸಿ, ಚೆಂಡಿಗೆ 800ರ ಬದಲು 700 ಕಟ್ಟಿಸಬಹುದು. ನಿನ್ನೆಯ ಹೂವನ್ನು ಒಳಗೆ ಸೇರಿಸಬಹುದು. ಬಹಿರಂಗವಾಗಿ ಮಾತು ತಪ್ಪಿದವನು ನಿಂದೆಯನ್ನಾದರೂ ಹೊರುತ್ತಾನೆ. ಇವನು ಕಳವನ್ನೂ ಮಾಡಿ ಕೀರ್ತಿಯನ್ನೂ ಪಡೆಯುತ್ತಾನೆ. ಧಾರೆಯ ಗದ್ದಲದಲ್ಲಿ ಯಾರೂ ಹೂವನ್ನೆಣಿಸುವುದಿಲ್ಲ. ಆದರೆ ಜಗಲಿಯಲ್ಲಿ ಕುಳಿತು ನಾರಿಗೆ ಹೂ ಪೋಣಿಸಿದ ಹೆಂಡತಿಗೂ ಮಕ್ಕಳಿಗೂ ಆ ಲೆಕ್ಕ ಗೊತ್ತು. ನೂರು ಹೂವಿನ ಉಳಿತಾಯಕ್ಕಾಗಿ ಅವನು ಮಕ್ಕಳಿಗೆ ಕಲಿಸಿದ ಪಾಠವು ಆ ಹೂವಿನಂತೆ ಮರುದಿನಕ್ಕೆ ಬಾಡುವುದಿಲ್ಲ.