ಅಗಬನ ಪ್ರವಾದನೆ, ಅಂತಿಯೋಕ್ಯದ ಉತ್ತರ

2023ರ ಫೆಬ್ರವರಿ 6ರಂದು ಟರ್ಕಿ, ಸಿರಿಯಾದಲ್ಲಿ ಭೂಕಂಪ ಆಯ್ತು. 50 ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡರು. ಜನ ಇನ್ನೂ ಕಟ್ಟಡಗಳ ಅಡಿಯಲ್ಲಿ ಇರುವಾಗಲೇ ನಮ್ಮಲ್ಲಿ ಎದ್ದ ಪ್ರಶ್ನೆ: "ಪಾಸ್ಟರ್, ಇದು ಮತ್ತಾಯ 24 ಅಲ್ವಾ? ಬರೋಣಕ್ಕೆ ಇನ್ನೆಷ್ಟು ದಿನ?"

ಅವತ್ತು ಬಹುಪಾಲು ನೆಲಸಮವಾದ ಅಂತಾಕ್ಯ ಪಟ್ಟಣವೇ ಬೈಬಲ್ಲಿನ ಅಂತಿಯೋಕ್ಯ. ಶಿಷ್ಯರಿಗೆ ಕ್ರೈಸ್ತರು ಅನ್ನೋ ಹೆಸರು ಮೊದಲು ಬಂದದ್ದು ಅಲ್ಲೇ. ಅಪೊಸ್ತಲರ ಕೃತ್ಯಗಳು 11 ತೆಗೀರಿ. ದೊಡ್ಡ ಬರ ಬರುತ್ತದೆಂದು ಅಗಬನು ಆತ್ಮನ ಪ್ರೇರಣೆಯಿಂದ ಪ್ರವಾದಿಸಿದನು. ಕ್ಲೌದ್ಯನ ಕಾಲದಲ್ಲಿ ಅದು ಬಂತು ಕೂಡ. ಆ ಮಾತು ಕೇಳಿದ ಸಭೆ ಏನು ಮಾಡಿತು? ಕಡೇ ದಿನಗಳ ಚಾರ್ಟ್ ಬರೆಯುತ್ತಾ ಕೂರಲಿಲ್ಲ. ಪ್ರತಿಯೊಬ್ಬರೂ ಶಕ್ತಿಯಿದ್ದಷ್ಟು ಕೂಡಿಸಿ, ಬಾರ್ನಬ, ಸೌಲರ ಕೈಯಲ್ಲಿ ಯೂದಾಯದ ಸಹೋದರರಿಗೆ ಕಳಿಸಿಕೊಟ್ಟರು.

ನಾನು ಪ್ರವಾದನೆಯನ್ನು ನಂಬ್ತೀನಿ, ಬರೋಣಕ್ಕೆ ಕಾಯ್ತೀನಿ. ಆದರೆ ಭೂಕಂಪಗಳ ವಿಷಯ ಹೇಳಿದ ಅದೇ ಯೇಸುಸ್ವಾಮಿ, ಆ ದಿನ ತಂದೆಗೆ ಮಾತ್ರ ಗೊತ್ತು ಅಂದುಬಿಟ್ಟರು. ಮುಂದಿನ ಅಧ್ಯಾಯದ ನ್ಯಾಯತೀರ್ಪಿನಲ್ಲಿ ಅವರು ನೋಡುವುದು ಹಸಿದವನಿಗೆ ನಾವು ಊಟ ಕೊಟ್ಟೆವಾ ಅಂತ.

ಯೌವನಸ್ಥರೇ, ಮುಂದಿನ ಸಲ ಇಂಥ ಸುದ್ದಿ ಬಂದಾಗ ವಿಡಿಯೋ ಫಾರ್ವರ್ಡ್ ಮಾಡುವ ಮುಂಚೆ ಮೊಣಕಾಲೂರಿ ಪ್ರಾರ್ಥಿಸಿ. ಎದ್ದ ಮೇಲೆ ಕೈಲಾದಷ್ಟು ಕಳಿಸಿ. ಆಮೆನ್.